ಕುವೈತಿನಲ್ಲಿ ನಾವು ಕಟ್ಟಿದ ಕಿರಣ ವಿಭಾಗ

ಮನುಷ್ಯನ ಚರ್ಮದ ಮೇಲೆ ಎಳೆದ ಗೆರೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಅದನ್ನು ಯಾವ ಊರಿನಲ್ಲಿ ಎಳೆದಿರಿ ಎನ್ನುವುದರ ಮೇಲೆ ನಿಂತಿದೆ. ಈ ಪಾಠ ನನಗೆ ಹುಬ್ಬಳ್ಳಿಯಲ್ಲಿ ಸಿಕ್ಕಿರಲಿಲ್ಲ. ಅಲ್ಲಿ ಕೋಬಾಲ್ಟ್ ಯಂತ್ರದ ಮುಂದೆ ವರ್ಷಗಟ್ಟಲೆ ದುಡಿದು, ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಕೊಡುವ ತಂತ್ರಜ್ಞನ ಕೆಲಸವೆಂದರೆ ಇಷ್ಟೇ ಎಂದುಕೊಂಡು ಕುವೈತಿನ ವಿಮಾನ ಹತ್ತಿದವನು ನಾನು.

ಹೊರಗಿನಿಂದ ನೋಡಿದರೆ ನಮ್ಮ ಕೆಲಸ ಸರಳ. ಕಿರಣ ಎಲ್ಲಿಗೆ ಬೀಳಬೇಕೆಂದು ವೈದ್ಯರು ಹೇಳುತ್ತಾರೆ. ಎಷ್ಟು, ಯಾವ ಕೋನದಿಂದ ಎಂದು ಭೌತವಿಜ್ಞಾನಿ ಲೆಕ್ಕ ಹಾಕುತ್ತಾರೆ. ರೋಗಿಯನ್ನು ದಿನವೂ ಅದೇ ಭಂಗಿಯಲ್ಲಿ ಮಲಗಿಸಿ, ಅದೇ ಜಾಗಕ್ಕೆ ಕಿರಣ ಬೀಳುವಂತೆ ಮಾಡುವವನು ತಂತ್ರಜ್ಞ. ವಾರಕ್ಕೆ ಐದು ದಿನ, ಹೀಗೆ ಹಲವು ವಾರ. ಬೆರಳಿನ ಅಗಲದಷ್ಟು ತಪ್ಪಿದರೂ ಗಡ್ಡೆ ಉಳಿದುಕೊಂಡು, ಪಕ್ಕದ ಒಳ್ಳೆಯ ಅಂಗ ಸುಡುತ್ತದೆ. ಜಾಗ ತಪ್ಪದಿರಲೆಂದೇ ಮೈಮೇಲೆ ಗೆರೆ ಎಳೆಯುವುದು.

ನಾನು ಸೇರಿದ ಸರ್ಕಾರಿ ಆಸ್ಪತ್ರೆಯಲ್ಲಿ ಕಿರಣ ವಿಭಾಗ ಆಗಷ್ಟೇ ಕಣ್ಣು ಬಿಡುತ್ತಿತ್ತು. ದಪ್ಪ ಗೋಡೆಯ ಒಂದು ಕೋಣೆ, ಅದರೊಳಗೆ ಹೊಸ ಯಂತ್ರ, ಬಣ್ಣದ ವಾಸನೆ ಇನ್ನೂ ಹೋಗದ ಕಾರಿಡಾರ್. ವಿಭಾಗದ ಮುಖ್ಯಸ್ಥೆ ಡಾ. ಮುನೀರಾ ಕುವೈತಿನವರೇ, ಹೊರದೇಶದಲ್ಲಿ ಓದಿ ಬಂದಿದ್ದರು. ಲೆಕ್ಕಾಚಾರಕ್ಕೆ ಈಜಿಪ್ಟಿನ ಭೌತವಿಜ್ಞಾನಿ ಆದಿಲ್. ಕ್ಯಾನ್ಸರ್ ಔಷಧದ ಡ್ರಿಪ್ ಹಾಕುವ ಪಕ್ಕದ ಕೋಣೆಯ ಯಜಮಾನಿಕೆ ಸಿಸ್ಟರ್ ಹಿಲ್ಡಾ ಅವರದು. ಮಂಗಳೂರು ಕಡೆಯ ಕೊಂಕಣಿ ಮನೆಯವರು, ನನಗಿಂತ ಮೊದಲೇ ಬಂದು ಅರಬಿಯನ್ನು ಅರೆದು ಕುಡಿದವರು.

ಮೊದಲ ದಿನವೇ ನನ್ನ ಹೆಸರು ಕೆಟ್ಟಿತು. ಅರಬಿಯಲ್ಲಿ ಪಕಾರವಿಲ್ಲ. ಪಾಟೀಲ ಎಂದರೆ ಅವರ ಬಾಯಲ್ಲಿ ಬಾತೀಲ್. ಡಾ. ಮುನೀರಾ ನನ್ನ ಹೆಸರನ್ನು ಎರಡು ಸಲ ಹೇಳಿಕೊಂಡು ನಕ್ಕರು. ನನಗೆ ಅರ್ಥವಾಗಲಿಲ್ಲ. ಹೊರಗೆ ಬಂದ ಮೇಲೆ ಹಿಲ್ಡಾ ಹೇಳಿದರು, "ಬಾತಿಲ್ ಅಂದ್ರೆ ಇಲ್ಲಿ ಊರ್ಜಿತ ಅಲ್ಲದ್ದು, ರದ್ದಾದದ್ದು ಅಂತ ಮಾರಾಯ್ರೆ. ನಿಮ್ಮನ್ನು ಬಂದ ದಿನವೇ ರದ್ದು ಮಾಡಿದ್ರು!" ನಿವೃತ್ತಿಯಾಗುವವರೆಗೂ ನಾನು ಆ ಆಸ್ಪತ್ರೆಯಲ್ಲಿ ಬಾತೀಲ್ ಆಗಿಯೇ ಉಳಿದೆ. ರದ್ದು ಮಾತ್ರ ಆಗಲಿಲ್ಲ.

ಗೆರೆಯ ಪಾಠ ಕಲಿಸಿದವನು ನರಸಯ್ಯ ಎಂಬ ತೆಲಂಗಾಣದ ಮನುಷ್ಯ. ಸಬ್ಹಾನಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಎದೆಯೊಳಗೆ ಗಂಟು. ಸೋಮವಾರ ಅವನ ಎದೆಯ ಮೇಲೆ ಮಾರ್ಕರಿನಿಂದ ಮೂರು ಕಡೆ ಗೆರೆ ಎಳೆದು, "ಉಜ್ಜಿ ತೊಳೀಬ್ಯಾಡಪ್ಪ" ಎಂದು ಹಿಂದಿಯಲ್ಲಿ ಹೇಳಿ ಕಳಿಸಿದ್ದೆ. ಬೇಸಿಗೆಯ ನಟ್ಟನಡುವೆ, ತಗಡಿನ ಛಾವಣಿಯ ಕಾರ್ಖಾನೆಯಲ್ಲಿ ಅವನು ನೀರು ಸುರಿದುಕೊಳ್ಳುವುದೇ ಬೇಡವಾಗಿತ್ತು. ಬೆವರೇ ಸ್ನಾನ ಮಾಡಿಸುತ್ತಿತ್ತು. ಮರುದಿನ ಬಂದ. ಅಂಗಿ ಬಿಚ್ಚಿದರೆ ಗೆರೆಗಳು ಹೊಳೆಯುತ್ತಿವೆ, ನಾನು ಎಳೆದದ್ದಕ್ಕಿಂತ ಚೆನ್ನಾಗಿ! ನನಗೆ ಸಂತೋಷವಾಯಿತು. ಆದರೆ ಜಾಗ ಹೊಂದಿಸಲೆಂದು ಗೋಡೆಯಿಂದ ಬೀಳುವ ಕೆಂಪು ಬೆಳಕಿನ ಗೆರೆಗೂ ಎದೆಯ ಮೇಲಿನ ಗೆರೆಗೂ ತಾಳೆಯೇ ಇಲ್ಲ.

"ನರಸಯ್ಯ, ಇದನ್ನು ಯಾರು ಬರೆದರು?"

"ರಾತ್ರಿ ಎಲ್ಲಾ ಅಳಿಸಿಹೋಯ್ತು ಸಾಬ್. ನೀವು ಬೈತೀರಿ ಅಂತ ರೂಮಿನ ಭಾಯಿ ಹತ್ತಿರ ಬರೆಸಿಕೊಂಡೆ. ಅವನು ಪೇಂಟರ್. ಕೈ ಬಹಳ ಸಾಫ್."

ಕೈ ಸಾಫೇ ಇತ್ತು. ಜಾಗ ಮಾತ್ರ ಎರಡು ಬೆರಳಿನಷ್ಟು ಕೆಳಗಿತ್ತು. ಆ ದಿನ ಕಿರಣ ಕೊಡದೆ, ಮತ್ತೆ ಸ್ಕ್ಯಾನ್ ಮಾಡಿ ಮೊದಲಿನಿಂದ ಜಾಗ ಹುಡುಕಿದೆವು. ಆದಿಲ್ ತನ್ನ ಲೆಕ್ಕವೆಲ್ಲ ಮತ್ತೆ ಮಾಡಬೇಕಾಗಿ ಬಂದದ್ದಕ್ಕೆ ಅರಬಿಯಲ್ಲಿ ಕೂಗಾಡಿದ. ನರಸಯ್ಯ ಹೆದರಿ ನನ್ನ ಬೆನ್ನ ಹಿಂದೆ ನಿಂತ. ಬೈದು ಮುಗಿದ ಮೇಲೆ ಅದೇ ಆದಿಲ್ ಅವನಿಗೆ ಸಕ್ಕರೆ ಹೆಚ್ಚಾದ ಒಂದು ಲೋಟ ಚಹಾ ತಂದುಕೊಟ್ಟ. ಹಾಗಿತ್ತು ಅವನ ಸ್ವಭಾವ.

ಅಂದಿನಿಂದ ಮಾರ್ಕರ್ ಬಿಟ್ಟು, ಸೂಜಿಯ ತುದಿಯಿಂದ ಸಾಸಿವೆಗಿಂತ ಸಣ್ಣ ಹಚ್ಚೆಯ ಚುಕ್ಕೆ ಹಾಕಲು ಶುರುಮಾಡಿದೆವು. ಬೇರೆ ದೇಶಗಳಲ್ಲಿ ಹಾಗೇ ಮಾಡುತ್ತಾರೆ. ತೊಂದರೆ ಮುಗಿಯಿತು ಎಂದುಕೊಂಡೆವು. ಒಂದು ತಿಂಗಳೊಳಗೆ ಉಮ್ಮ್ ಫಹದ್ ಬಂದರು.

ಉಮ್ಮ್ ಫಹದ್ ಎಂದರೆ ಫಹದನ ತಾಯಿ. ಫಿಂಟಾಸಿನ ಕಡೆಯ ಹಿರಿಯ ಕುವೈತಿ ಹೆಂಗಸು, ಸ್ತನದ ಶಸ್ತ್ರಚಿಕಿತ್ಸೆ ಆಗಿತ್ತು. ಸೂಜಿ ನೋಡಿದ ಕೂಡಲೇ ಅಬಾಯಾ ಸುತ್ತಿಕೊಂಡು ಎದ್ದು ಕುಳಿತರು. "ಹಚ್ಚೆ ಹರಾಮ್. ದೇವರು ಕೊಟ್ಟ ಮೈಯನ್ನು ದೇವರು ಕೊಟ್ಟ ಹಾಗೇ ತಿರುಗಿ ಒಪ್ಪಿಸಬೇಕು. ಈಗಾಗಲೇ ಅರ್ಧ ಕತ್ತರಿಸಿದ್ದೀರಿ. ಇನ್ನು ಚುಚ್ಚಿ ಬರೆಯಲು ಬಿಡುವುದಿಲ್ಲ."

ಚಿಕಿತ್ಸೆಗೆ ಹಾಕುವ ಚುಕ್ಕೆಗೆ ಅಡ್ಡಿಯಿಲ್ಲ ಎಂದು ಧರ್ಮ ಬಲ್ಲವರು ಹೇಳಿದ್ದಾರೆಂದು ಅವರ ಮಗ ಫೋನಿನಲ್ಲಿ ವಾದ ಮಾಡಿದ. ಡಾ. ಮುನೀರಾ ಅವನ ವಾದ ನಿಲ್ಲಿಸಿದರು. "ನಿನ್ನ ತಾಯಿ ನನ್ನ ಹತ್ತಿರ ಫತ್ವಾ ಕೇಳಲಿಲ್ಲ. ಬೇಡ ಅಂದಳು. ಬೇರೆ ದಾರಿ ಹುಡುಕುವುದು ನಮ್ಮ ಕೆಲಸ." ಫೋನ್ ಇಟ್ಟು ನನ್ನ ಕಡೆ ತಿರುಗಿದರು, "ಬಾತೀಲ್, ಹುಡುಕು."

ಹುಡುಕಿಕೊಟ್ಟವರು ಹಿಲ್ಡಾ. ಡ್ರಿಪ್ಪಿನ ಸೂಜಿ ಕದಲದಂತೆ ಚರ್ಮದ ಮೇಲೆ ಅಂಟಿಸುವ ಪಾರದರ್ಶಕ ಪ್ಲಾಸ್ಟರ್ ಇತ್ತಲ್ಲ, ಅದನ್ನು ತಂದು ಮಾರ್ಕರ್ ಗೆರೆಯ ಮೇಲೆ ಅಂಟಿಸಿದರು. "ಐದಾರು ದಿನ ನೀರು ಹೋಗುವುದಿಲ್ಲ. ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಲಿ, ಸ್ನಾನ ಮಾಡಲಿ, ಎಂತ ಬೇಕಾದ್ರೂ ಮಾಡಲಿ. ಅಂಚು ಎದ್ದರೆ ನಾವು ಹೊಸದು ಹಾಕುವ." ಉಮ್ಮ್ ಫಹದರ ಮೇಲೆ ಅದು ಕೊನೆಯವರೆಗೂ ನಿಂತಿತು. ಆಮೇಲೆ ಅದನ್ನೇ ಸಬ್ಹಾನಿನ ಕಾರ್ಮಿಕರಿಗೂ ಹಾಕಿದೆವು. ಯಾರಿಗೆ ಚುಕ್ಕೆ ಬೇಕೋ ಅವರಿಗೆ ಚುಕ್ಕೆ, ಯಾರಿಗೆ ಬೇಡವೋ ಅವರಿಗೆ ಪ್ಲಾಸ್ಟರ್. ಇವತ್ತು ಹೊಸ ಯಂತ್ರಗಳಿಗೆ ಚರ್ಮವನ್ನೇ ಓದುವ ಕ್ಯಾಮೆರಾ ಬಂದಿದೆ. ಗೆರೆಯೂ ಬೇಡ, ಚುಕ್ಕೆಯೂ ಬೇಡ. ಆದರೂ ಕ್ಯಾಮೆರಾ ಕೈಕೊಟ್ಟ ದಿನ ಹುಡುಗರು ಅದೇ ಪ್ಲಾಸ್ಟರಿನ ಡಬ್ಬಿ ಎಲ್ಲಿದೆ ಎಂದು ಹುಡುಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಡಾ. ಮುನೀರಾ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರಷ್ಟು ಕಷ್ಟದ ಮೇಲಧಿಕಾರಿಯ ಕೈಕೆಳಗೆ ನಾನು ಕೆಲಸ ಮಾಡಿಲ್ಲ. ಅವರ ಕೈಕೆಳಗೆ ಮಾಡದಿದ್ದರೆ ಈ ಕೆಲಸ ನನಗೆ ಬರುತ್ತಲೂ ಇರಲಿಲ್ಲ. ತಲೆ, ಕುತ್ತಿಗೆಯ ಕ್ಯಾನ್ಸರ್ ಇದ್ದವರಿಗೆ ನಾವು ಮುಖವಾಡ ಮಾಡುತ್ತೇವೆ. ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮುಖದ ಮೇಲೆ ಎಳೆದು, ಆರುವವರೆಗೆ ಒತ್ತಿ ಹಿಡಿದರೆ ಅವರದೇ ಮುಖದ ಅಚ್ಚು ಸಿಗುತ್ತದೆ. ದಿನವೂ ಅದನ್ನು ತೊಡಿಸಿ ಮೇಜಿಗೆ ಬಿಗಿಯುವುದು, ತಲೆ ಅಲ್ಲಾಡಬಾರದು. ಕೆಲವರು ಅದರೊಳಗೆ ಗಾಬರಿಯಾಗಿ ಒದ್ದಾಡುತ್ತಿದ್ದರು. "ಸಹಕರಿಸದ ರೋಗಿ" ಎಂದು ಬರೆಯುವ ಅಭ್ಯಾಸ ನಮ್ಮಲ್ಲಿತ್ತು.

ಅದನ್ನು ಓದಿದ ದಿನ ಡಾ. ಮುನೀರಾ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಮೊದಲು ನಾನು. ಅವರೇ ನನ್ನ ಮುಖದ ಮೇಲೆ ಬಿಸಿ ಹಾಳೆ ಎಳೆದು ಮುಖವಾಡ ಮಾಡಿ, ಮೇಜಿಗೆ ಬಿಗಿದು, ದೀಪ ಸಣ್ಣಗೆ ಮಾಡಿ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದರು. ಆ ದಪ್ಪ ಬಾಗಿಲು ಮುಚ್ಚಿಕೊಳ್ಳುವ ಸದ್ದು ನಾನು ಸಾವಿರ ಸಲ ಹೊರಗಿನಿಂದ ಕೇಳಿದ್ದೆ. ಒಳಗಿನಿಂದ ಅದೇ ಮೊದಲು. ಬಾಯಿ ತೆರೆಯಲಾಗದು, ಕಣ್ಣು ಬಿಡಲಾಗದು. ಉಸಿರು ಸಾಲದೆಂದು ಎದೆ ಹೊಡೆದುಕೊಳ್ಳತೊಡಗಿತು. ಹೊರಗೆ ಅವರು ಏನು ಮಾಡುತ್ತಿದ್ದಾರೋ, ಮರೆತು ಚಹಾಕ್ಕೆ ಹೋದರೋ? ಹಾಗೆ ಮಲಗಿದ್ದಾಗ ಮೈಕಿನಲ್ಲಿ ಹಿಲ್ಡಾರ ದನಿ ಬಂತು. "ಪಾಟೀಲ್ರೇ, ನಾವು ಇಲ್ಲೇ ಇದ್ದೇವೆ. ಟಿವಿಯಲ್ಲಿ ನಿಮ್ಮನ್ನು ನೋಡ್ತಾ ಇದ್ದೇವೆ. ಕೈ ಎತ್ತಿದ್ರೆ ಓಡಿ ಬರ್ತೇವೆ." ಕನ್ನಡದಲ್ಲಿ ಆ ಮೂರು ಮಾತು ಕೇಳಿದ್ದೇ ತಡ, ಎದೆ ತಾನಾಗಿ ಸಮಾಧಾನಕ್ಕೆ ಬಂತು.

ಹೊರಗೆ ಬಂದಾಗ ಡಾ. ಮುನೀರಾ ಕೇಳಿದ್ದು ಒಂದೇ ಪ್ರಶ್ನೆ. "ನೀನು ಸಹಕರಿಸುವ ರೋಗಿಯಾ?"

ಅಂದೇ ಹಾಳೆಯಲ್ಲಿ ಕಣ್ಣಿನ ಜಾಗ ಕತ್ತರಿಸಲು ಶುರುಮಾಡಿದೆವು. ಹಿಲ್ಡಾ ಹೇಳಿದ ಮೂರು ಮಾತನ್ನು ಅರಬಿ, ಮಲಯಾಳ, ಬಂಗಾಳಿ, ತೆಲುಗು, ನೇಪಾಳಿ ಭಾಷೆಗಳಲ್ಲಿ ಬಾಯಿಪಾಠ ಮಾಡಿದೆವು. ನನ್ನ ನೇಪಾಳಿ ಕೇಳಿ ಒಬ್ಬ ಸೆಕ್ಯುರಿಟಿ ಗಾರ್ಡ್ ಮುಖವಾಡದೊಳಗೇ ನಕ್ಕು ತಲೆ ಅಲ್ಲಾಡಿಸಿ, ಮತ್ತೆ ಮೊದಲಿನಿಂದ ಜೋಡಿಸಬೇಕಾಯಿತು. ಆದರೆ ಒದ್ದಾಡುವವರು ಕಡಿಮೆಯಾದರು.

ಒಂದು ಆಗಸ್ಟಿನಲ್ಲಿ ಯಂತ್ರ ತಣ್ಣಗಿಡುವ ಚಿಲ್ಲರ್ ಕೆಟ್ಟಿತು. ಹೊರಗೆ ನಿಂತರೆ ಚಪ್ಪಲಿಯ ಅಂಟು ಬಿಡುವ ಬಿಸಿಲು. ದುರಸ್ತಿಯಾಗಲು ವಾರದ ಬಹುಪಾಲು ಹಿಡಿಯಿತು. ಕಿರಣ ಚಿಕಿತ್ಸೆಯಲ್ಲಿ ನಡುವೆ ಬಿಡುವು ಬಿಟ್ಟರೆ ಗಡ್ಡೆ ಆ ಬಿಡುವಿನಲ್ಲಿ ಮತ್ತೆ ಬೆಳೆಯುತ್ತದೆ. ತಪ್ಪಿದ ದಿನಗಳನ್ನು ತುಂಬಿಕೊಡಲೇಬೇಕು. ಅಲ್ಲಿನ ವಾರದ ರಜೆಯಾದ ಶುಕ್ರವಾರ, ಶನಿವಾರವೂ ವಿಭಾಗ ತೆರೆಯಬೇಕೆಂದು ಡಾ. ಮುನೀರಾ ಕೇಳಿದಾಗ, ಆಡಳಿತ ಕಚೇರಿಯ ಅಧಿಕಾರಿ ರಜೆಯ ದಿನ ತೆರೆಯುವ ಪದ್ಧತಿ ಇಲ್ಲವೆಂದರು. "ಪದ್ಧತಿ ಗಡ್ಡೆಗೂ ಗೊತ್ತಿದ್ದರೆ ಚೆನ್ನಾಗಿತ್ತು" ಎಂದು ಹೇಳಿ ಅವರು ಎದ್ದುಬಂದರು. ಶುಕ್ರವಾರ ಬೆಳಿಗ್ಗೆ ಬೀಗದ ಕೈ ಹಿಡಿದು ತಾವೇ ಬಂದು ಬಾಗಿಲು ತೆರೆದರು. ಆದಿಲ್ ನಮಾಜಿಗೆ ಹೋಗಿ ಬಂದು ಸೇರಿಕೊಂಡ. ಎರಡನೇ ಶುಕ್ರವಾರ ಅದೇ ಅಧಿಕಾರಿ ಬಾಗಿಲಲ್ಲಿ ನಿಂತು, ಯಾರ್‍ಯಾರಿಗೆ ಬಸ್ಸು ಬೇಕು ಎಂದು ಕೇಳಿದರು. ಅವರ ದೊಡ್ಡಪ್ಪ ನಮ್ಮಲ್ಲೇ ಚಿಕಿತ್ಸೆ ಪಡೆಯುತ್ತಿದ್ದದ್ದು ನಮಗೆ ಆಗ ಗೊತ್ತಾಯಿತು.

ಎಲ್ಲರನ್ನೂ ಉಳಿಸಿದೆವೆಂದು ನಾನು ಹೇಳುವುದಿಲ್ಲ. ಬಂಗಾಳದ ಒಬ್ಬ ಡ್ರೈವರ್ ಬಂದಾಗ ರೋಗ ಬೆನ್ನುಮೂಳೆಗೆ ಹೋಗಿಬಿಟ್ಟಿತ್ತು. ಕೂರಲಾಗದು, ಊರಿಗೆ ಹೋಗಬೇಕು, ವಿಮಾನದಲ್ಲಿ ಮಲಗಿಸಿ ಕರೆದೊಯ್ಯಲು ದಾರಿಯಿಲ್ಲ. ಡಾ. ಮುನೀರಾ ಅವನಿಗೆ ಒಂದೇ ಸಲಕ್ಕೆ ದೊಡ್ಡ ಪ್ರಮಾಣದ ಕಿರಣ ಕೊಡಿಸಿದರು. ಅದು ಗುಣಪಡಿಸಲು ಅಲ್ಲ, ನೋವು ಇಳಿಸಲು. ಎರಡು ವಾರದಲ್ಲಿ ಅವನು ಎದ್ದು ಕುಳಿತ. ಕುಳಿತೇ ಊರಿಗೆ ಹೋದ. ಹೋಗುವ ಮುನ್ನ ನಮ್ಮ ಕಾರಿಡಾರಿನ ಗಟ್ಟಿ ಕುರ್ಚಿಯಲ್ಲಿ ಬೇಕೆಂದೇ ಬಹಳ ಹೊತ್ತು ಕೂತುಹೋದ.

ಊರಿಗೆ ಕಳಿಸುವುದೂ ಒಂದು ಚಿಕಿತ್ಸೆ ಎಂದು ಅವನಿಂದ ಕಲಿತೆ. ಊರಿಗೆ ಕಳಿಸಬಾರದ ಹೊತ್ತೂ ಇರುತ್ತದೆ ಎಂದು ಕಲಿಸಿದವನು ಯಮನಪ್ಪ.

ಯಮನಪ್ಪ ಬಾದಾಮಿ ಕಡೆಯವನು, ನನ್ನ ಸೀಮೆಯವನೇ. ಮೀನಾ ಅಬ್ದುಲ್ಲಾ ಎಂಬ ಊರಿನ ರಿಫೈನರಿಯಲ್ಲಿ ಗುತ್ತಿಗೆ ಕಂಪನಿಯ ರಿಗ್ಗರ್ ಫೋರ್‌ಮನ್. ಕ್ರೇನು ಕೊಳವೆಗಳನ್ನು ಎತ್ತುವಾಗ ಕೆಳಗೆ ನಿಂತು, ಹತ್ತಾರು ಜನರಿಗೆ ಎಳಿ, ಬಿಡು, ನಿಲ್ಲಿಸು ಎಂದು ಕೂಗುವವನು. ಯಂತ್ರಗಳ ಅಬ್ಬರದ ಮೇಲೆ ಕೇಳಿಸುವ ದನಿ ಅವನದೊಂದೇ ಎಂದು ಅವನ ಜೊತೆಯವರು ಹೇಳುತ್ತಿದ್ದರು. ಆ ದನಿ ಒಡೆದು, ಆಮೇಲೆ ಹೋಗಿಯೇಬಿಟ್ಟಿತ್ತು. ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಕುತ್ತಿಗೆಗೂ ಸ್ವಲ್ಪ ಇಳಿದಿತ್ತು. ಆರೇಳು ವಾರ ಕಿರಣ, ಜೊತೆಗೆ ವಾರಕ್ಕೊಮ್ಮೆ ಹಿಲ್ಡಾರ ಕೋಣೆಯಲ್ಲಿ ಔಷಧ. ಪೂರ್ತಿ ಮಾಡಿದರೆ ರೋಗವೂ ಹೋಗಿ ದನಿಯೂ ಉಳಿಯುವ ಭರವಸೆ ಇತ್ತು. ಅರ್ಧಕ್ಕೆ ಬಿಟ್ಟರೆ ಧ್ವನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆಯಬೇಕಾಗುತ್ತಿತ್ತು.

ಅವನ ಚಿಕಿತ್ಸೆ ಶುರುವಾದಾಗ ನಾನು ವಾರ್ಷಿಕ ರಜೆಯ ಮೇಲೆ ಊರಿನಲ್ಲಿದ್ದೆ. ನಾನು ವಾಪಸು ಬಂದ ಮೇಲೆ ಅವನನ್ನು ನೋಡಿದ್ದು ಎರಡೇ ದಿನ. ಮೂರನೆಯ ದಿನದಿಂದ ಅವನು ಬರಲಿಲ್ಲ. ಫೋನ್ ಎತ್ತಲಿಲ್ಲ. ವಾರಾಂತ್ಯದ ಹೊತ್ತಿಗೆ ಹಿಲ್ಡಾ ನನ್ನ ಮುಂದೆ ಬಂದು ನಿಂತರು.

"ಐದನೇ ವಾರದಲ್ಲಿ ಬಿಟ್ಟುಹೋದ್ರೆ ಹೇಗೆ ಪಾಟೀಲ್ರೇ? ನಾಳೆ ಶುಕ್ರವಾರ, ರಜೆ. ಚರ್ಚೂ ಇಲ್ಲಿ ನಾಳೆಯೇ, ಅಲ್ಲಿಂದ ಬಂದ ಮೇಲೆ ಹೋಗುವ. ನಿಮ್ಮ ಕಾರು ಉಂಟಲ್ಲ."

ಮೀನಾ ಅಬ್ದುಲ್ಲಾದ ಆ ಲೇಬರ್ ಕ್ಯಾಂಪಿಗೆ ನಾವು ಹೋದಾಗ ಗುಬಾರ್ ಎದ್ದಿತ್ತು, ಮರಳಿನ ಧೂಳು. ರಿಫೈನರಿಯ ಚಿಮಣಿಗಳು ಹಳದಿ ಪರದೆಯ ಹಿಂದೆ ನಿಂತಂತೆ ಕಾಣುತ್ತಿದ್ದವು. ಗೇಟಿನಲ್ಲಿ ಕ್ಯಾಂಪ್ ಬಾಸ್ ಸಲೀಮ್ ಭಾಯಿ, ಹೈದರಾಬಾದಿನವನು, ಹಿಲ್ಡಾರನ್ನು ನೋಡಿ ಎದ್ದು ನಿಂತ. "ಮೈ ಕ್ಯಾ ಕರೂಂ ಸಿಸ್ಟರ್? ಕಂಪನಿಯವರು ಟಿಕೆಟ್ ಮಾಡಿಬಿಟ್ಟಿದ್ದಾರೆ. ಯಮನಪ್ಪನೂ ಹೋಗ್ತೀನಿ ಅಂತಾನೆ. ಭಾನುವಾರ ಫ್ಲೈಟ್."

ಯಮನಪ್ಪ ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಹಗ್ಗ ಬಿಗಿದ ಪೆಟ್ಟಿಗೆ. ಕುತ್ತಿಗೆಯ ಚರ್ಮ ಸುಟ್ಟ ರೊಟ್ಟಿಯ ಹಾಗೆ ಕಪ್ಪಾಗಿತ್ತು.

"ಯಾಕೋ ಯಮನಪ್ಪ, ಬರೂದ ಬಿಟ್ಟಿಯಲ್ಲ?"

ಅವನ ದನಿ ಪಿಸುಮಾತಿಗಿಂತ ಸಣ್ಣಗಿತ್ತು. "ಬರೂದಿಲ್ರೀ ಸರ. ಖಲಾಸ್."

"ಯಾಕ?"

"ಸುಟ್ಟು ಹ್ವಾದೆನ್ರೀ. ಬಂದಾಗ ದನಿ ಅಷ್ಟ ಹೋಗಿತ್ತು. ಈಗ ಉಗುಳು ನುಂಗಾಕೂ ಬರವಲ್ದು. ನೀರು ಕುಡದ್ರ ಕೆಂಡ ನುಂಗಿದಂಗ ಆಗ್ತೈತಿ. ನಿಮ್ಮ ಮಷೀನು ನನ್ನ ಕೊಲ್ಲಾಕತ್ತೈತ್ರಿ. ಸಾಯೂದಿದ್ರ ಮನ್ಯಾಗ ಸಾಯ್ತೀನಿ."

ಹಿಲ್ಡಾ ಎದುರಿನ ಮಂಚದ ಮೇಲೆ ಕೂತರು. "ಅಯ್ಯೋ ಮಾರಾಯ, ಅದು ರೋಗ ಹೆಚ್ಚಾದದ್ದಲ್ಲ. ಮದ್ದಿನ ಕೆಲಸ ಅದು. ಐದನೇ ವಾರಕ್ಕೆ ಎಲ್ಲರಿಗೂ ಹೀಗೇ ಆಗುವುದು. ಮುಗಿದ ಮೇಲೆ ಮೆಲ್ಲ ಗುಣ ಆಗ್ತದೆ. ಕಿರಣದ ಕಡೆಯವರು ಹೇಳಿರ್ತಾರೆ ಅಂತ ನಾನು ಡ್ರಿಪ್ಪಿನ ಮಾತು ಮಾತ್ರ ಆಡಿದ್ದು. ನಿಮಗೆ ಇದನ್ನು ಯಾರೂ ಹೇಳ್ಲಿಲ್ವಾ?"

"ಹೇಳಿದ್ರೋ ಏನೋ ರೀ ಅಕ್ಕಾರ. ಇಂಗ್ಲಿಷ್‌ನ್ಯಾಗ ಹೇಳಿದ್ರು. ಹಿಂದಿಯೊಳಗ ಹೇಳಿದ್ರು. ನಾ ಎಲ್ಲಾದಕ್ಕೂ ಹೂಂ ಅಂದೆ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಯಂತ್ರ ಚೆನ್ನಾಗಿತ್ತು, ಲೆಕ್ಕ ಸರಿಯಾಗಿತ್ತು, ಮುಖವಾಡ ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ಅಷ್ಟೆಲ್ಲ ಸರಿಯಿದ್ದೂ ಒಬ್ಬ ಮನುಷ್ಯ ತಾನು ಸಾಯುತ್ತಿದ್ದೇನೆಂದುಕೊಂಡು ಪೆಟ್ಟಿಗೆ ಕಟ್ಟಿದ್ದ.

ನಾನು ಅವನ ಪಕ್ಕ ಕೂತು ನಮ್ಮ ಮಾತಿನಲ್ಲೇ ಎಲ್ಲ ಹೇಳಿದೆ. ಗಡ್ಡೆ ಎಲ್ಲಿದೆ, ಕಿರಣ ಅಲ್ಲಿಗೆ ಹೋಗುವಾಗ ಗಂಟಲಿನ ಒಳಚರ್ಮ ಯಾಕೆ ಬೇಯುತ್ತದೆ, ಅದು ಯಾವಾಗ ಮಾಯುತ್ತದೆ. "ಈಗ ಬಿಟ್ಟು ಹ್ವಾದ್ರ ನೋವು ಹೋಗ್ತೈತಿ, ಖರೆ. ಆದ್ರ ಗಡ್ಡಿ ಬೇರು ಉಳೀತೈತಿ. ಮುಂದ ಡಾಕ್ಟರು ಇಲ್ಲಿ ತೂತು ಮಾಡಬೇಕಾಗ್ತೈತಿ ನೋಡು," ಎಂದು ನನ್ನ ಕುತ್ತಿಗೆಯ ಕುಳಿ ಮುಟ್ಟಿ ತೋರಿಸಿದೆ. "ಆಮ್ಯಾಲ ನಿನ್ನ ದನಿ ನಿಂಗ ತಿರುಗಿ ಬರೂದಿಲ್ಲ."

ಅವನು ತನ್ನ ಕುತ್ತಿಗೆಯ ಕುಳಿ ಮುಟ್ಟಿ ನೋಡಿಕೊಂಡ. "ಪೂರಾ ಮಾಡಿದ್ರ ಬರ್ತೈತೇನ್ರಿ?"

"ಬರ್ತೈತಿ ಅಂತ ಆಣೆ ಮಾಡಾಕ ಆಗೂದಿಲ್ಲ. ಆದ್ರ ಬಾಳ ಮಂದಿಗೆ ಬಂದೈತಿ. ನಾ ಕಣ್ಣಿಲೆ ನೋಡೇನಿ, ಕಿವಿಲೆ ಕೇಳೇನಿ."

ಅವನು ಎದ್ದು ಪೆಟ್ಟಿಗೆಯ ಹಗ್ಗ ಬಿಚ್ಚಿದ. ಗಂಟು ಬಿಗಿಯಾಗಿತ್ತು, ಬಾಗಿಲಲ್ಲಿ ನಿಂತಿದ್ದ ಸಲೀಮ್ ಭಾಯಿ ಬಂದು ಕೈ ಹಚ್ಚಿದ.

ಇನ್ನು ಕಂಪನಿ ಉಳಿದಿತ್ತು. ಮರುದಿನ, ಶನಿವಾರದ ರಜೆಯಾದರೂ, ಅವರ ಕಚೇರಿಯ ಮುಖ್ಯಸ್ಥನಿಗೆ ಡಾ. ಮುನೀರಾ ನಮ್ಮ ಎದುರಿಗೇ ಫೋನ್ ಮಾಡಿದರು. ಊರಿನಲ್ಲೂ ಆಸ್ಪತ್ರೆಗಳಿವೆಯಲ್ಲ, ಉಳಿದದ್ದನ್ನು ಅಲ್ಲಿ ಮಾಡಿಸಿಕೊಳ್ಳಲಿ ಎಂದು ಆತ ಹೇಳುತ್ತಿದ್ದದ್ದು ನನಗೂ ಅಲ್ಪಸ್ವಲ್ಪ ಕೇಳಿಸಿತು.

"ನಿಮ್ಮ ಕ್ರೇನು ಅರ್ಧ ಎತ್ತಿದ ಕೊಳವೆಯನ್ನು ಗಾಳಿಯಲ್ಲೇ ಬಿಟ್ಟು ಮನೆಗೆ ಹೋಗುತ್ತೀರಾ?" ಎಂದು ಡಾ. ಮುನೀರಾ ಕೇಳಿದರು.

ಆ ಕಡೆಯಿಂದ ಏನೋ ಉತ್ತರ.

"ನಾನೂ ಬಿಡುವುದಿಲ್ಲ. ಇಲ್ಲಿರಲು ಅವನ ಇಕಾಮಾ ಪರವಾನಗಿ, ಅವನ ಕೋಣೆ, ನಮ್ಮಲ್ಲಿಗೆ ಬರುವ ವಾಹನ, ಮೂರೂ ಮುಗಿಯುವವರೆಗೆ ಇರಬೇಕು. ಆಮೇಲೆ ಅವನು ಊರಿಗೆ ಹೋಗುತ್ತಾನೋ, ಕ್ರೇನಿನ ಕೆಳಗೆ ನಿಲ್ಲುತ್ತಾನೋ, ಅವನೇ ಹೇಳಲಿ. ಹೇಳಲು ಅವನಿಗೆ ದನಿ ಇರುತ್ತದೆ."

ವಾಹನ ಬಂತು. ತಪ್ಪಿದ ದಿನಗಳನ್ನು ತುಂಬಲು ಆದಿಲ್ ಹೊಸ ಲೆಕ್ಕ ಹಾಕಿದ. ಕೆಲವು ದಿನ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ನಡುವಿನ ಹೊತ್ತೆಲ್ಲ ಯಮನಪ್ಪ ಹಿಲ್ಡಾರ ಕೋಣೆಯ ಮೂಲೆಯ ಕುರ್ಚಿಯಲ್ಲಿ. ಆಸ್ಪತ್ರೆಯ ಪೌಡರ್ ಹಾಲು ಅವನಿಗೆ ಇಳಿಯುತ್ತಿರಲಿಲ್ಲ. ನನ್ನ ಹೆಂಡತಿ ಶಾಂತಾ ಫಿಂಟಾಸಿನ ಅಂಗಡಿಯೊಂದರಲ್ಲಿ ಜೋಳದ ಹಿಟ್ಟು ಹುಡುಕಿ, ತೆಳ್ಳಗೆ ಅಂಬಲಿ ಕಾಸಿ, ಮಜ್ಜಿಗೆ ಕೂಡಿಸಿ, ತಣ್ಣಗೆ ಮಾಡಿ ಡಬ್ಬಿ ಕಳಿಸುತ್ತಿದ್ದಳು. ಹಿಲ್ಡಾ ಅದನ್ನು ಚಮಚದ ಲೆಕ್ಕದಲ್ಲಿ ಗದರಿಸಿ ಕುಡಿಸುತ್ತಿದ್ದರು. "ಇದೆಂತ ಅಂಟು ಮಾರಾಯ್ರೆ, ಗೋಡೆಗೆ ಪೇಪರ್ ಅಂಟಿಸಬಹುದು" ಎಂದು ಮೊದಲ ದಿನ ಮೂಗು ಮುರಿದವರು, ಒಂದು ವಾರದಲ್ಲಿ ಶಾಂತಾಳಿಗೆ ಫೋನ್ ಮಾಡಿ ಮಾಡುವ ರೀತಿ ಕೇಳಿ ತಿಳಿದುಕೊಂಡರು. ಗಂಟಲು ಬೆಂದ ರೋಗಿಗಳಿಗೆ, ಅರಬರಿಗೆ ಕೂಡ, ತಣ್ಣನೆಯ ಗಂಜಿಯ ಸಲಹೆ ಕೊಡುವುದು ಆಗಿನಿಂದ ನಮ್ಮಲ್ಲಿ ರೂಢಿಯಾಯಿತು.

ಅವನ ಚಿಕಿತ್ಸೆ ಮುಗಿಯಿತು. ಮುಗಿದ ದಿನ ದನಿ ಬಂದಿರಲಿಲ್ಲ. ನುಂಗುವ ನೋವು ಮೊದಲು ಹೋಯಿತು, ದನಿ ಆಮೇಲೆ ಹರಿದ ತಮಟೆಯಂತೆ ಬಂತು, ಮತ್ತೆ ಕೆಲವು ತಿಂಗಳಲ್ಲಿ ಬಿಗಿಯಾಯಿತು. ಕಂಪನಿ ಅವನಿಗೆ ಮೊದಲು ಸ್ಟೋರಿನಲ್ಲಿ ಹಗುರ ಕೆಲಸ ಕೊಟ್ಟು, ನಂತರ ಕ್ರೇನಿನ ಕೆಳಗೇ ಕರೆಸಿಕೊಂಡಿತು.

ಯಮನಪ್ಪನ ಪ್ರಸಂಗವಾದ ಮೇಲೆ ಡಾ. ಮುನೀರಾ ವಿಭಾಗದಲ್ಲಿ ಒಂದು ಕಟ್ಟಳೆ ಮಾಡಿದರು. ಹೊಸ ರೋಗಿಯ ಮೊದಲ ಕಿರಣಕ್ಕೆ ಮುಂಚೆ, ಅವನ ಮನೆಮಾತು ಬಲ್ಲವರೊಬ್ಬರು ಅವನ ಎದುರು ಕೂತು, ಯಾವ ವಾರ ಏನಾಗುತ್ತದೆ ಎಂದು ಹೇಳಬೇಕು. ಹೇಳಿದ್ದನ್ನು ರೋಗಿ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಹೂಂ ಅಂದರೆ ಲೆಕ್ಕಕ್ಕಿಲ್ಲ. ಭಾಷೆ ಬಲ್ಲ ನರ್ಸ್ ಸಿಗದಿದ್ದರೆ ಅಡುಗೆಮನೆಯವರನ್ನು, ಡ್ರೈವರನನ್ನು, ಯಾರನ್ನಾದರೂ ಕರೆಯಿರಿ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಇದೊಂದನ್ನು ನನ್ನಿಂದ ತೆಗೆದುಕೊಂಡರೆ ಸಾಕು. ನೀವು ಕಲಿತ ಯಂತ್ರ ಹತ್ತು ವರ್ಷಕ್ಕೆ ಹಳತಾಗುತ್ತದೆ. ಒಳ್ಳೆಯ ಅಂಗಕ್ಕೆ ಕಿರಣ ತಾಗದಂತೆ ಅಡ್ಡ ಇಡುವ ಸೀಸದ ಅಚ್ಚು ಎರಕ ಹೊಯ್ಯುವುದರಲ್ಲಿ ನಾನು ಗಟ್ಟಿಗನಾಗಿದ್ದೆ. ಕಂಪ್ಯೂಟರ್ ಬಂದು ಆ ವಿದ್ಯೆಯನ್ನು ಒಂದೇ ಬೇಸಿಗೆಯಲ್ಲಿ ಗುಜರಿಗೆ ಹಾಕಿತು. ಎದುರು ಕೂತು ಹೇಳುವ ವಿದ್ಯೆ ಹಳತಾಗಿದ್ದನ್ನು ನಾನು ಕಂಡಿಲ್ಲ.

ನಾನು ನಿವೃತ್ತನಾಗುವ ವರ್ಷದ ಒಂದು ಬೆಳಿಗ್ಗೆ ಅಬೂ ಖಾಲಿದ್ ಎಂಬ ಹಿರಿಯ ಕುವೈತಿಯೊಬ್ಬರು ಬಂದರು. ಜೀವಮಾನವಿಡೀ ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗಿದವರು. ಈಗ ಧ್ವನಿಪೆಟ್ಟಿಗೆಯ ಕ್ಯಾನ್ಸರ್. ಮಕ್ಕಳು ಮೂವರು ಸುತ್ತ ನಿಂತಿದ್ದರು. ಅವರ ಮಾತಿನಲ್ಲೇ, ಅಚ್ಚ ಅರಬಿಯಲ್ಲಿ, ಡಾ. ಮುನೀರಾ ಎಲ್ಲ ವಿವರಿಸಿದರು. ಮುದುಕ ಎಲ್ಲವನ್ನೂ ತಿರುಗಿ ಸರಿಯಾಗಿಯೇ ಹೇಳಿದರು. ಆಮೇಲೆ ಕೋಲು ಊರಿ ಎದ್ದರು. ಸುಡುವ ಕೋಣೆಗೆ ನಾನು ಬರುವುದಿಲ್ಲ, ದೇವರು ಕರೆದಾಗ ಹೋಗುತ್ತೇನೆ ಎಂದು ಪಿಸುಗುಟ್ಟಿದರು. ಮಕ್ಕಳು ಬೇಡಿಕೊಂಡರು. ಹಿರಿಯ ಮಗ ಅತ್ತೂಬಿಟ್ಟ. ಮುದುಕ ಬಾಗಿಲ ಕಡೆ ನಡೆದರು.

ಅದೇ ದಿನ ಯಮನಪ್ಪ ತಪಾಸಣೆಗೆ ಬಂದಿದ್ದ. ನೀಲಿ ಕವರಾಲಿನಲ್ಲೇ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದ. ಡಾ. ಮುನೀರಾ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಬಾತೀಲ್, ನಿನ್ನ ಊರವನಿಗೆ ಹೇಳು. ಈ ಹಿರಿಯ ಹಜ್ಜಿಯ ಜೊತೆ ಮಾತಾಡಲಿ."

ನಾನು ಹೇಳಿದೆ. ಅವನು ಗಾಬರಿಯಾದ. "ನಾ ಏನ್ ಮಾತಾಡ್ಲಿ ಸರ? ನನ್ನ ಅರಬಿ ಬರೇ ಸೈಟಿನ ಅರಬಿ."

"ಅದ ಸಾಕು."

ಯಮನಪ್ಪ ಎದ್ದು ಹೋಗಿ ಮುದುಕರ ಎದುರು ನಿಂತ. ಕಾಲರ್ ಸರಿಸಿ ಕುತ್ತಿಗೆ ತೋರಿಸಿದ. ಕಪ್ಪು ಹೋಗಿ ಚರ್ಮ ಮಾಮೂಲಾಗಿತ್ತು. "ಯಾ ಹಜ್ಜಿ, ನಾನೂ ಇಲ್ಲೇ. ಇದೇ ರೋಗ. ಮೊದಲು ದನಿ ಮಾಫಿ, ಇಲ್ಲವೇ ಇಲ್ಲ. ನೀರು ಮಾಫಿ. ಊಟ ಮಾಫಿ. ಬಹಳ ನೋವು. ಆಮೇಲೆ ನೋವು ಖಲಾಸ್."

ಮುದುಕ ತಲೆ ಓರೆ ಮಾಡಿ ಅವನ ಬಾಯಿಯನ್ನೇ ನೋಡುತ್ತಿದ್ದರು. ಪದಗಳನ್ನಲ್ಲ, ದನಿಯನ್ನು ಕೇಳುತ್ತಿದ್ದರೆಂದು ನನಗೆ ಅನ್ನಿಸಿತು.

"ನಿನ್ನ ಕೆಲಸವೇನು?" ಎಂದು ಪಿಸುದನಿಯಲ್ಲಿ ಕೇಳಿದರು.

"ಕ್ರೇನಿಗೆ ಕೂಗೂದು."

"ಕೂಗು ನೋಡೋಣ."

ಯಮನಪ್ಪ ನನ್ನ ಮುಖ ನೋಡಿದ. ಆಸ್ಪತ್ರೆಯಲ್ಲಿ ಕೂಗುವುದು ಹೇಗೆ? ಡಾ. ಮುನೀರಾ ತಲೆಯಾಡಿಸಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಎದೆ ತುಂಬ ಉಸಿರೆಳೆದು, ಬಲಗೈ ಮೇಲೆತ್ತಿ ಕೂಗಿದ. "ಯಲ್ಲಾಆಆ! ಎತ್ತರೋಓಓ!"

ಕಾರಿಡಾರಿನ ಗಾಜು ನಡುಗಿತು. ಹಿಲ್ಡಾ ಕೈಯಲ್ಲಿ ಡ್ರಿಪ್ ಬಾಟಲಿ ಹಿಡಿದು ಓಡಿಬಂದರು. ಎಕ್ಸ್‌ರೇ ಕಡೆಯಿಂದ ಯಾರೋ ಏನಾಯಿತೆಂದು ಇಣುಕಿದರು. ಮುದುಕರ ಮಕ್ಕಳು ಬೆಚ್ಚಿ ಗೋಡೆಗೆ ಒರಗಿದ್ದರು.

ಅಬೂ ಖಾಲಿದ್ ಮಾತ್ರ ಅಲ್ಲಾಡಲಿಲ್ಲ. ಅವರ ಕಣ್ಣು ತುಂಬಿತ್ತು. ಕೋಲನ್ನು ಹಿರಿಯ ಮಗನ ಕೈಗೆ ಕೊಟ್ಟು, ಯಮನಪ್ಪನ ತೋಳು ಹಿಡಿದುಕೊಂಡು, ಬಂದ ದಾರಿಯಲ್ಲೇ ತಿರುಗಿದರು. ಇಬ್ಬರೂ ನಿಧಾನವಾಗಿ ನಮ್ಮ ಕೋಣೆಯ ಕಡೆ ನಡೆದು ಬಂದರು. ನಾನು ಮುಖವಾಡದ ಹಾಳೆಗೆ ನೀರು ಕಾಯಿಸಲು ಒಳಗೆ ಹೋದೆ.